ಸ್ಯಾನ್‌ಫರ್ಡ್ ತೀರ್ಪು: ಜ್ಯೂರಿಗೆ ಕೇಳಿದ್ದೊಂದು, ಜನ ಕೇಳಿದ್ದೊಂದು

2013ರ ಜುಲೈ 13, ಶನಿವಾರ. ರಾತ್ರಿ ಹತ್ತು ಗಂಟೆಗೆ ಕೆಲವೇ ನಿಮಿಷ ಬಾಕಿ ಇದ್ದಾಗ ಅಮೆರಿಕದ ಫ್ಲೋರಿಡಾ ರಾಜ್ಯದ ಸ್ಯಾನ್‌ಫರ್ಡ್ ನ್ಯಾಯಾಲಯದಲ್ಲಿ ಆರು ಮಹಿಳೆಯರಿದ್ದ ಜ್ಯೂರಿ ಜಾರ್ಜ್ ಜಿಮ್ಮರ್‌ಮನ್‌ನನ್ನು ಎಲ್ಲ ಆರೋಪಗಳಿಂದ ಖುಲಾಸೆ ಮಾಡಿತು. ಟ್ರೇವಾನ್ ಮಾರ್ಟಿನ್ ಎಂಬ 17 ವರ್ಷದ ಕಪ್ಪುವರ್ಣೀಯ ಹುಡುಗನನ್ನು ಗುಂಡಿಟ್ಟು ಕೊಂದದ್ದು ತಾನೇ ಎಂಬುದನ್ನು ಜಿಮ್ಮರ್‌ಮನ್ ಎಂದೂ ಅಲ್ಲಗಳೆದಿರಲಿಲ್ಲ. ಜೀವ ಉಳಿಸಿಕೊಳ್ಳಲು ಹಾಗೆ ಮಾಡಬೇಕಾಯಿತು ಎಂಬುದು ಅವನ ವಾದ. ಜ್ಯೂರಿ ಹದಿನಾರು ಗಂಟೆಗೂ ಹೆಚ್ಚು ಕಾಲ ಚರ್ಚಿಸಿ ತೀರ್ಮಾನಕ್ಕೆ ಬಂದಿತ್ತು. ಅದೇ ರಾತ್ರಿ ಹಲವು ನಗರಗಳಲ್ಲಿ ಜನ ಬೀದಿಗಿಳಿದರು. ಒಂದು ವಾರದಲ್ಲಿ ಅಧ್ಯಕ್ಷ ಬರಾಕ್ ಒಬಾಮ ಈ ತೀರ್ಪಿನ ಬಗ್ಗೆಯೇ ದೇಶಕ್ಕೆ ಮಾತನಾಡಬೇಕಾಗಿ ಬಂತು.

ಘಟನೆ ನಡೆದದ್ದು 2012ರ ಫೆಬ್ರುವರಿ 26ರ ಸಂಜೆ. ಮಯಾಮಿ ಕಡೆಯ ಮಾರ್ಟಿನ್ ತಂದೆಯ ಜೊತೆ ಸ್ಯಾನ್‌ಫರ್ಡ್‌ನ ಒಂದು ಗೇಟೆಡ್ ಬಡಾವಣೆಗೆ ಬಂದು ತಂಗಿದ್ದ. ಅಂಗಡಿಗೆ ಹೋಗಿ ಮಿಠಾಯಿ ಪೊಟ್ಟಣ, ಹಣ್ಣಿನ ಪಾನೀಯ ಕೊಂಡು ಮಳೆಯಲ್ಲಿ ಹುಡಿಯ (ಟೊಪ್ಪಿಯಿರುವ ಮೇಲಂಗಿಯ) ಟೊಪ್ಪಿಯನ್ನು ತಲೆಗೆ ಎಳೆದುಕೊಂಡು ವಾಪಸಾಗುತ್ತಿದ್ದ. ಅದೇ ಬಡಾವಣೆಯ ನಿವಾಸಿಯಾಗಿದ್ದ 28 ವರ್ಷದ ಜಿಮ್ಮರ್‌ಮನ್ ಅಲ್ಲಿನ ನೆರೆಹೊರೆ ಕಾವಲು ತಂಡದ ಸ್ವಯಂಸೇವಕ. ಬಡಾವಣೆಯಲ್ಲಿ ಅದಕ್ಕೆ ಮೊದಲು ಕಳ್ಳತನಗಳು ನಡೆದಿದ್ದವು. ಹುಡುಗನನ್ನು ಕಂಡು ಅನುಮಾನಗೊಂಡ ಆತ ಕಾರಿನಿಂದಲೇ ಪೊಲೀಸರಿಗೆ ಫೋನ್ ಮಾಡಿದ. ಹುಡುಗನ ಬೆನ್ನು ಹತ್ತಿರುವುದಾಗಿ ಹೇಳಿದಾಗ, ಹಾಗೆ ಮಾಡುವ ಅಗತ್ಯವಿಲ್ಲ ಎಂದು ಆ ಕಡೆಯಿಂದ ಉತ್ತರ ಬಂತು. ಕೆಲವೇ ನಿಮಿಷಗಳಲ್ಲಿ ಮನೆಗಳ ಹಿಂಬದಿಯ ಕತ್ತಲ ಹಾದಿಯಲ್ಲಿ ಇಬ್ಬರ ನಡುವೆ ಹೊಡೆದಾಟ ನಡೆದು, ಎದೆಗೆ ಗುಂಡು ತಗುಲಿ ಮಾರ್ಟಿನ್ ಸತ್ತುಬಿದ್ದ. ಅವನ ಬಳಿ ಯಾವ ಆಯುಧವೂ ಇರಲಿಲ್ಲ. ಜಿಮ್ಮರ್‌ಮನ್‌ನ ಮೂಗಿಗೂ ತಲೆಯ ಹಿಂಭಾಗಕ್ಕೂ ಗಾಯಗಳಾಗಿದ್ದವು.

ತೀರ್ಪಿನ ನಂತರದ ಕೋಪದ ಬೇರು ತೀರ್ಪಿಗಿಂತ ಹದಿನಾರು ತಿಂಗಳು ಹಿಂದಿನದು. ಪೊಲೀಸರು ಜಿಮ್ಮರ್‌ಮನ್‌ನನ್ನು ಠಾಣೆಗೆ ಕರೆದೊಯ್ದು, ವಿಚಾರಿಸಿ, ಅದೇ ರಾತ್ರಿ ಮನೆಗೆ ಕಳಿಸಿದ್ದರು. ಇದಕ್ಕೆ ಅವರು ಕೊಟ್ಟ ಕಾರಣ ಫ್ಲೋರಿಡಾದ ಕಾನೂನೇ ಆಗಿತ್ತು. 2005ರಲ್ಲಿ ಆ ರಾಜ್ಯ ‘ಸ್ಟ್ಯಾಂಡ್ ಯುವರ್ ಗ್ರೌಂಡ್’ ಎಂದು ಹೆಸರಾದ ಕಾಯ್ದೆಯನ್ನು ತಂದಿತು. ಪ್ರಾಣಕ್ಕೆ ಅಪಾಯ ಎದುರಾದಾಗ ಸಾಧ್ಯವಿದ್ದರೆ ಅಲ್ಲಿಂದ ಹಿಂದೆ ಸರಿಯಬೇಕು ಎಂಬ ಹಳೆಯ ಕಟ್ಟುಪಾಡನ್ನು ಈ ಕಾಯ್ದೆ ತೆಗೆದುಹಾಕಿತು. ತಾನು ಇರಲು ಹಕ್ಕಿರುವ ಯಾವುದೇ ಜಾಗದಲ್ಲಿ, ಸಾವಿನ ಅಥವಾ ಭಾರೀ ಗಾಯದ ಭಯ ಸಕಾರಣವಾಗಿದ್ದರೆ, ವ್ಯಕ್ತಿ ನಿಂತಲ್ಲೇ ನಿಂತು ಮಾರಣಾಂತಿಕ ಬಲ ಬಳಸಬಹುದು. ಆ ಬಲಪ್ರಯೋಗ ಕಾನೂನುಬಾಹಿರ ಎನ್ನಲು ಸಾಕಷ್ಟು ಆಧಾರ ಸಿಗುವವರೆಗೆ ಪೊಲೀಸರು ಬಂಧಿಸಕೂಡದು ಎಂಬ ಮಾತನ್ನೂ ಅದೇ ಕಾಯ್ದೆ ಸೇರಿಸಿತು. ಸತ್ತವನ ಕಡೆಯ ಕಥೆ ಹೇಳಲು ಸತ್ತವನೇ ಇಲ್ಲದಿರುವಾಗ ಆ ಆಧಾರ ಎಲ್ಲಿಂದ ಬರಬೇಕು ಎಂಬುದಕ್ಕೆ ಕಾಯ್ದೆಯಲ್ಲಿ ಉತ್ತರವಿರಲಿಲ್ಲ.

ಮಾರ್ಟಿನ್‌ನ ತಂದೆ ಟ್ರೇಸಿ ಮಾರ್ಟಿನ್, ತಾಯಿ ಸಿಬ್ರಿನಾ ಫುಲ್ಟನ್ ಇಬ್ಬರೂ ಕೇಳಿದ್ದು ಮೊದಲಿಗೆ ಬಂಧನವನ್ನಷ್ಟೇ. ಆ ಬೇಡಿಕೆಯ ಆನ್‌ಲೈನ್ ಮನವಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ನ್ಯೂಯಾರ್ಕಿನಲ್ಲಿ ಜನ ಹುಡಿ ತೊಟ್ಟು ಮೆರವಣಿಗೆ ನಡೆಸಿದರು. ತನಗೊಬ್ಬ ಮಗನಿದ್ದಿದ್ದರೆ ಅವನು ಟ್ರೇವಾನ್‌ನಂತೆಯೇ ಕಾಣುತ್ತಿದ್ದ ಎಂದು ಒಬಾಮ ಹೇಳಿದ್ದು ಆ ಮಾರ್ಚ್‌ನಲ್ಲಿ. ಗವರ್ನರ್ ರಿಕ್ ಸ್ಕಾಟ್ ವಿಶೇಷ ಪ್ರಾಸಿಕ್ಯೂಟರ್ ಆಗಿ ಏಂಜೆಲಾ ಕೋರಿ ಅವರನ್ನು ನೇಮಿಸಿದರು. ಕೊಲೆ ನಡೆದ ಸುಮಾರು ಒಂದೂವರೆ ತಿಂಗಳ ಮೇಲೆ, ಏಪ್ರಿಲ್ 11ರಂದು, ಎರಡನೇ ದರ್ಜೆಯ ಕೊಲೆ ಆರೋಪದ ಮೇಲೆ ಬಂಧನವಾಯಿತು. ಸ್ಯಾನ್‌ಫರ್ಡ್ ಪೊಲೀಸ್ ಮುಖ್ಯಸ್ಥ ಕೆಲಸ ಕಳೆದುಕೊಂಡರು. ಹೀಗಾಗಿ ವಿಚಾರಣೆ ಶುರುವಾಗುವ ಮೊದಲೇ ದೇಶ ಎರಡು ಪಾಳಯವಾಗಿತ್ತು. ಗದ್ದಲವಿಲ್ಲದಿದ್ದರೆ ಈ ಮೊಕದ್ದಮೆಯೇ ಇರುತ್ತಿರಲಿಲ್ಲ ಎನ್ನುವುದು ಒಂದು ಪಾಳಯಕ್ಕೆ ದೂರಾಗಿತ್ತು, ಇನ್ನೊಂದಕ್ಕೆ ಸಮಾಧಾನವಾಗಿತ್ತು. ಮಾತು ಮಾತ್ರ ಇಬ್ಬರಿಗೂ ನಿಜವೇ.

ನ್ಯಾಯಾಲಯದೊಳಗೆ ಪ್ರಶ್ನೆ ಬಹಳ ಕಿರಿದಾಯಿತು. ಫ್ಲೋರಿಡಾದಲ್ಲಿ ಮರಣದಂಡನೆಯ ಪ್ರಕರಣಗಳನ್ನು ಬಿಟ್ಟರೆ ಉಳಿದ ಕ್ರಿಮಿನಲ್ ವಿಚಾರಣೆಗಳಿಗೆ ಜ್ಯೂರಿಯಲ್ಲಿ ಆರು ಜನ ಸಾಕು; ಇದಕ್ಕೆ ಅಮೆರಿಕದ ಸುಪ್ರೀಂ ಕೋರ್ಟ್ 1970ರಲ್ಲೇ ಒಪ್ಪಿಗೆ ಕೊಟ್ಟಿದೆ. ಆಯ್ಕೆಯಾದ ಆರು ಮಹಿಳೆಯರಲ್ಲಿ ಐವರು ಬಿಳಿಯರು, ಒಬ್ಬಾಕೆ ಪೋರ್ಟೊರಿಕೊ ಮೂಲದವರು. ಕಪ್ಪುವರ್ಣೀಯರು ಯಾರೂ ಇರಲಿಲ್ಲ. ಇಡೀ ದೇಶ ವರ್ಣದ ಬಗ್ಗೆ ಚರ್ಚಿಸುತ್ತಿದ್ದಾಗ ನ್ಯಾಯಾಧೀಶೆ ಡೆಬ್ರಾ ನೆಲ್ಸನ್, ಜಿಮ್ಮರ್‌ಮನ್ ಹುಡುಗನನ್ನು ಮೊದಲೇ ಅಪರಾಧಿಯೆಂದು ಗುರುತು ಹಾಕಿಕೊಂಡ ಎಂದು ಪ್ರಾಸಿಕ್ಯೂಷನ್ ವಾದಿಸಬಹುದು, ಆದರೆ ವರ್ಣದ ಕಾರಣಕ್ಕೆ ಗುರುತು ಹಾಕಿಕೊಂಡ ಎನ್ನುವಂತಿಲ್ಲ ಎಂದು ಗೆರೆ ಎಳೆದರು. ಬೀದಿಯಲ್ಲಿ ನಡೆಯುತ್ತಿದ್ದ ವಾದದ ಮುಖ್ಯ ಭಾಗ ಹೀಗೆ ನ್ಯಾಯಾಲಯದ ಹೊಸ್ತಿಲಾಚೆಗೇ ಉಳಿಯಿತು.

ಉಳಿದದ್ದು ಕೆಲವು ನಿಮಿಷಗಳ ಹೊಡೆದಾಟ. ಅಕ್ಕಪಕ್ಕದ ಮನೆಯವರೊಬ್ಬರು, ಕಪ್ಪು ಬಟ್ಟೆಯವನು ಮೇಲಿದ್ದ ಎಂದು ಸಾಕ್ಷ್ಯ ನುಡಿದರು. ಅದು ಮಾರ್ಟಿನ್‌ನ ಬಟ್ಟೆಗೆ ಹೊಂದುತ್ತಿತ್ತು. ಫೋನ್ ಕರೆಯೊಂದರ ಹಿನ್ನೆಲೆಯಲ್ಲಿ ದಾಖಲಾಗಿದ್ದ ಕಿರುಚಾಟ ತನ್ನ ಮಗನದು ಎಂದು ಮಾರ್ಟಿನ್‌ನ ತಾಯಿ ಹೇಳಿದರು, ತನ್ನ ಮಗನದು ಎಂದು ಜಿಮ್ಮರ್‌ಮನ್‌ನ ತಾಯಿ ಹೇಳಿದರು. ಡಿಫೆನ್ಸ್ ಪರ ಸಾಕ್ಷಿಯಾಗಿದ್ದ ಹೆಸರಾಂತ ವಿಧಿವಿಜ್ಞಾನ ತಜ್ಞ ವಿನ್ಸೆಂಟ್ ಡಿ ಮಾಯೊ, ಮಾರ್ಟಿನ್ ಮೇಲಿನಿಂದ ಬಾಗಿದ್ದಾಗ ಗುಂಡು ಹಾರಿತು ಎಂಬ ವಿವರಣೆಗೆ ಗಾಯ ಹೊಂದುತ್ತದೆ ಎಂದರು. ಜಿಮ್ಮರ್‌ಮನ್ ಕಟಕಟೆ ಹತ್ತಲಿಲ್ಲ, ಹತ್ತಬೇಕಾದ ಅಗತ್ಯವೂ ಇರಲಿಲ್ಲ. ಅವನ ಪೊಲೀಸ್ ಹೇಳಿಕೆಗಳನ್ನು ಪ್ರಾಸಿಕ್ಯೂಷನ್ನೇ ಜ್ಯೂರಿಗೆ ಕೇಳಿಸಿತ್ತು.

ಭಾರತದ ಓದುಗರು ಇಲ್ಲಿ ಗಮನಿಸಬೇಕಾದ ವ್ಯತ್ಯಾಸವೊಂದಿದೆ. ನಮ್ಮಲ್ಲಿ ಖಾಸಗಿ ರಕ್ಷಣೆಯ ಹಕ್ಕು ಹಿಂದೆ ಭಾರತೀಯ ದಂಡ ಸಂಹಿತೆಯ 96ರಿಂದ 106ನೇ ಕಲಮುಗಳಲ್ಲಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ. ಆ ರಕ್ಷಣೆ ಬೇಕೆನ್ನುವ ಆರೋಪಿಯೇ ಅದನ್ನು ತೋರಿಸಿಕೊಡಬೇಕು. ಸಾಕ್ಷ್ಯ ಕಾಯ್ದೆಯ 105ನೇ ಕಲಮು ಅವನ ಮೇಲೆ ಹಾಕಿದ್ದ ಆ ಹೊಣೆ ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಮುಂದುವರಿದಿದೆ. ಸಂಶಯಾತೀತವಾಗಿ ರುಜುವಾತು ಮಾಡಬೇಕಿಲ್ಲ, ಹಾಗಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು, ಆದರೂ ಹೊಣೆ ಅವನದೇ. ಫ್ಲೋರಿಡಾದಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲಿದೆ. ಆತ್ಮರಕ್ಷಣೆಯ ವಾದಕ್ಕೆ ಒಂದಿಷ್ಟು ಸಾಕ್ಷ್ಯ ಕಂಡುಬಂದರೆ, ಅದು ಆತ್ಮರಕ್ಷಣೆ ಅಲ್ಲ ಎಂಬುದನ್ನು ಸರ್ಕಾರವೇ ಸಂಶಯಾತೀತವಾಗಿ ರುಜುವಾತು ಮಾಡಬೇಕು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಇದೇ ನಿಯಮ. ಆರೋಪಿಯ ಮೇಲೆ ಹೊಣೆ ಹೊರಿಸುತ್ತಿದ್ದ ಕೊನೆಯ ರಾಜ್ಯವಾದ ಒಹಾಯೊ ಕೂಡ 2019ರಲ್ಲಿ ಅದನ್ನು ಬದಲಿಸಿಕೊಂಡಿತು.

ಹಿಂದೆ ಸರಿಯುವ ವಿಷಯದಲ್ಲಿ ಎರಡು ದೇಶಗಳ ನಡುವೆ ಅಂತರ ಅಷ್ಟಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಖಾಸಗಿ ರಕ್ಷಣೆಯ ಹಕ್ಕಿಲ್ಲ ಎಂದು ನಮ್ಮ ಕಾನೂನು ಹೇಳುತ್ತದಾದರೂ, ಅಪಾಯ ಎದುರಿಗೇ ಬಂದಾಗ ಹೇಡಿಯಂತೆ ಓಡಬೇಕೆಂದು ಯಾರನ್ನೂ ಒತ್ತಾಯಿಸಲಾಗದು ಎಂಬುದು 2010ರ ದರ್ಶನ್ ಸಿಂಗ್ ಪ್ರಕರಣದಲ್ಲೂ ಸುಪ್ರೀಂ ಕೋರ್ಟಿನ ನಿಲುವಾಗಿತ್ತು. ಸ್ಯಾನ್‌ಫರ್ಡ್‌ನಲ್ಲಿ ನಿರ್ಣಾಯಕವಾದದ್ದು ರುಜುವಾತಿನ ಹೊಣೆ. ಆ ರಾತ್ರಿ ಏನು ನಡೆಯಿತೆಂದು ಆರು ಮಂದಿಗೂ ನಿಶ್ಚಯವಾಗಿ ತಿಳಿಯದೇ ಹೋದರೆ ಸಾಕು, ಆರೋಪಿ ಬಿಡುಗಡೆಯಾಗಬೇಕು.

ಆಗ ಕಾವೇರಿದ ಇನ್ನೊಂದು ವಾದ 2005ರ ಕಾಯ್ದೆಯ ಪಾತ್ರದ ಬಗ್ಗೆ. ಅದಕ್ಕೂ ಈ ವಿಚಾರಣೆಗೂ ಸಂಬಂಧವೇ ಇಲ್ಲ ಎಂದು ಖುಲಾಸೆಯ ಪರವಾಗಿದ್ದವರು ಹೇಳಿದರು. ಕಾಯ್ದೆಯಡಿ ವಿಚಾರಣೆಗೆ ಮೊದಲೇ ವಿನಾಯಿತಿ ಕೋರುವ ಅವಕಾಶವನ್ನು ಡಿಫೆನ್ಸ್ ಬಳಸಿರಲಿಲ್ಲ. ನೆಲಕ್ಕೆ ಬಿದ್ದು ಏಟು ತಿನ್ನುತ್ತಿದ್ದವನಿಗೆ ಹಿಂದೆ ಸರಿಯಲು ದಾರಿ ಎಲ್ಲಿತ್ತು ಎಂಬುದು ವಕೀಲ ಮಾರ್ಕ್ ಒಮಾರಾ ಅವರ ವಾದದ ತಿರುಳು. ಅದಷ್ಟೇ ಆಗಿದ್ದರೆ ಮಾತು ಮುಗಿಯುತ್ತಿತ್ತು. ಆದರೆ ನ್ಯಾಯಾಧೀಶರು ಜ್ಯೂರಿಗೆ ಓದಿ ಹೇಳಿದ ಸೂಚನೆಗಳಲ್ಲಿ, ಜಿಮ್ಮರ್‌ಮನ್‌ಗೆ ಹಿಂದೆ ಸರಿಯುವ ಕರ್ತವ್ಯವಿರಲಿಲ್ಲ, ನಿಂತಲ್ಲೇ ನಿಲ್ಲುವ ಹಕ್ಕಿತ್ತು ಎಂಬ ವಾಕ್ಯ ಇತ್ತು. ಅದು ಸೂಚನೆಯೊಳಕ್ಕೆ ಬಂದದ್ದು 2005ರ ಕಾಯ್ದೆಯಿಂದಲೇ. ತೀರ್ಪಿನ ಬಳಿಕ ಸಿಎನ್‌ಎನ್‌ನಲ್ಲಿ ಮುಖ ಮರೆಸಿಕೊಂಡು ಮಾತನಾಡಿದ ಬಿ37 ಸಂಖ್ಯೆಯ ಜ್ಯೂರರ್ ಕೂಡ ಈ ಕಾಯ್ದೆಯನ್ನು ಪ್ರಸ್ತಾಪಿಸಿದರು.

ಪತ್ರಿಕೆಗಳು ಅಷ್ಟಾಗಿ ಗಮನಿಸದೆ ಬಿಟ್ಟ ಇನ್ನೊಂದು ಅಂಶ ಇದಕ್ಕಿಂತ ತೂಕದ್ದು. ಜಗಳವನ್ನು ಮೊದಲು ಕೆಣಕಿದವನು ಆತ್ಮರಕ್ಷಣೆಯ ನೆಪ ಹೇಳಲು ಸುಲಭಕ್ಕೆ ಅವಕಾಶವಿಲ್ಲ ಎಂಬ ನಿಯಮ ಫ್ಲೋರಿಡಾದಲ್ಲೂ ಇದೆ. ಅದನ್ನು ಜ್ಯೂರಿಗೆ ಓದಿ ಹೇಳಬೇಕೆಂದು ಪ್ರಾಸಿಕ್ಯೂಷನ್ ಕೇಳಿತು, ಡಿಫೆನ್ಸ್ ವಿರೋಧಿಸಿತು, ನ್ಯಾಯಾಧೀಶೆ ನಿರಾಕರಿಸಿದರು. ಒಬ್ಬನ ಬೆನ್ನು ಹತ್ತುವುದು ಕಾನೂನುಬಾಹಿರವಲ್ಲ, ಕಾನೂನಿನ ಲೆಕ್ಕದ ಕೆಣಕುವಿಕೆಗೆ ಬಲಪ್ರಯೋಗವೋ ಅದರ ಬೆದರಿಕೆಯೋ ಇರಬೇಕು ಎಂಬುದು ಡಿಫೆನ್ಸ್‌ನ ನಿಲುವು. ಕಾನೂನಾಗಿ ಅದು ಸರಿಯಿರಬಹುದು. ಪರಿಣಾಮ ಮಾತ್ರ ದೊಡ್ಡದು. ಹುಡುಗನ ಹಿಂದೆ ಯಾಕೆ ಹೋದೆ ಎಂಬ ಪ್ರಶ್ನೆ ಜ್ಯೂರಿಯ ಕೊಠಡಿ ಸೇರುವ ಮುನ್ನವೇ ಬಹುಪಾಲು ತೂಕ ಕಳೆದುಕೊಂಡಿತು. ಬೀದಿಯಲ್ಲಿದ್ದವರ ಮಟ್ಟಿಗೆ ಅದೊಂದೇ ಪ್ರಶ್ನೆ. ಮಳೆಯಲ್ಲಿ ಮನೆಗೆ ನಡೆದು ಹೋಗುತ್ತಿದ್ದವನನ್ನು, ಅಪರಿಚಿತನೊಬ್ಬ ಬೆನ್ನು ಹತ್ತಿದಾಗ ಹೆದರುವ ಹಕ್ಕು ಅವನಿಗೂ ಇತ್ತಲ್ಲವೇ ಎಂದು ಅವರು ಕೇಳುತ್ತಿದ್ದರು. ಸತ್ತವನ ಭಯವನ್ನು ಅಳೆಯುವಂತೆ ಕಾನೂನು ಜ್ಯೂರಿಯನ್ನು ಕೇಳಲಿಲ್ಲ. ಕೊಂದವನ ಭಯ ಸಕಾರಣವೇ ಎಂದಷ್ಟೇ ಕೇಳಿತು.

ಜ್ಯೂರಿಯೊಳಗೂ ಒಮ್ಮತ ಸಲೀಸಾಗಿ ಬಂದಿರಲಿಲ್ಲ. ಬಿ37 ಹೇಳಿದ ಪ್ರಕಾರ ಮೊದಲ ಸುತ್ತಿನಲ್ಲಿ ಮೂವರು ಖುಲಾಸೆಗೆ, ಇಬ್ಬರು ಕೊಲೆಗಿಂತ ಕೆಳಗಿನ ನರಹತ್ಯೆಯ ಅಪರಾಧಕ್ಕೆ, ಒಬ್ಬರು ಎರಡನೇ ದರ್ಜೆಯ ಕೊಲೆಗೆ ಮತ ಹಾಕಿದ್ದರು. ಆಕೆ ಪುಸ್ತಕ ಬರೆಯಲಿದ್ದಾರೆಂಬ ಸುದ್ದಿ ಹೊರಬಿದ್ದು, ಜನರ ಆಕ್ರೋಶಕ್ಕೆ ಎರಡೇ ದಿನದಲ್ಲಿ ಆ ಯೋಜನೆ ಕೈಬಿಟ್ಟುಹೋಯಿತು. ಆಕೆಯ ಅಭಿಪ್ರಾಯ ತಮ್ಮದಲ್ಲ ಎಂದು ಇನ್ನು ನಾಲ್ವರು ಹೇಳಿಕೆ ಕೊಟ್ಟರು. ಆರನೆಯವರು, ಬಿ29, ಎಬಿಸಿ ವಾಹಿನಿಯಲ್ಲಿ ಹೇಳಿದ ಮಾತು ಎಲ್ಲಕ್ಕಿಂತ ಹೆಚ್ಚು ಚರ್ಚೆಯಾಯಿತು. ಜಿಮ್ಮರ್‌ಮನ್ ಕೊಲೆ ಮಾಡಿ ದಕ್ಕಿಸಿಕೊಂಡ ಎಂಬುದು ಅವರ ಮನಸ್ಸಿನ ಮಾತು, ಆದರೆ ಮುಂದಿದ್ದ ಕಾನೂನು ಮತ್ತು ಸಾಕ್ಷ್ಯದ ಮೇಲೆ ಶಿಕ್ಷೆ ಕೊಡಲು ಬರುತ್ತಿರಲಿಲ್ಲ. ಜ್ಯೂರರ್‌ಗಳ ಹೆಸರುಗಳನ್ನು ನ್ಯಾಯಾಲಯ ತಿಂಗಳುಗಟ್ಟಲೆ ಗುಟ್ಟಾಗಿಟ್ಟಿತು. ಆ ಆರು ಮಂದಿಯ ಮೇಲೆ ಹರಿದ ಬೈಗುಳ ನೋಡಿದರೆ ಅದು ವಿವೇಕದ ಕ್ರಮವೇ ಆಗಿತ್ತು. ಕೈಗೆ ಕೊಟ್ಟ ಸೂಚನೆಯನ್ನು ಪಾಲಿಸಿದವರ ಮೇಲೆ ಸೂಚನೆ ಬರೆದವರ ಮೇಲಿನ ಸಿಟ್ಟನ್ನು ತೀರಿಸಿಕೊಳ್ಳುವುದು ನ್ಯಾಯವಾಗಿರಲಿಲ್ಲ.

ಪ್ರತಿಕ್ರಿಯೆ ಎಷ್ಟು ಸೀಳಿಹೋಗಿತ್ತು ಎಂಬುದನ್ನು ತೀರ್ಪಿನ ಮರುವಾರ ಪ್ಯೂ ಸಂಶೋಧನಾ ಕೇಂದ್ರ ಪ್ರಕಟಿಸಿದ ಸಮೀಕ್ಷೆ ತೋರಿಸಿತು. ಕಪ್ಪುವರ್ಣೀಯರಲ್ಲಿ ಶೇ 86 ಮಂದಿಗೆ ತೀರ್ಪು ಅಸಮಾಧಾನ ತಂದಿತ್ತು, ಶೇ 5 ಮಂದಿಗೆ ಮಾತ್ರ ಸಮಾಧಾನ. ಬಿಳಿಯರಲ್ಲಿ ಶೇ 49 ಸಮಾಧಾನ, ಶೇ 30 ಅಸಮಾಧಾನ. ವರ್ಣದ ಜೊತೆಗೆ ಪಕ್ಷವೂ ಗೋಡೆಯಾಗಿತ್ತು: ತೀರ್ಪಿಗೆ ಸಮಾಧಾನ ಪಟ್ಟ ರಿಪಬ್ಲಿಕನ್ನರು ಶೇ 61, ಡೆಮಾಕ್ರಟರು ಶೇ 22.

ಗಲಭೆಯ ಭಯ ಆಡಳಿತಕ್ಕೆ ಇದ್ದೇ ಇತ್ತು. 1992ರಲ್ಲಿ ರಾಡ್ನಿ ಕಿಂಗ್ ಎಂಬ ಕಪ್ಪುವರ್ಣೀಯನನ್ನು ಹೊಡೆದ ಪೊಲೀಸರು ಖುಲಾಸೆಯಾದಾಗ ಲಾಸ್ ಏಂಜಲೀಸ್ ದಿನಗಟ್ಟಲೆ ಉರಿದು ಐವತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಈ ಬಾರಿ ಓಕ್ಲೆಂಡ್, ಲಾಸ್ ಏಂಜಲೀಸ್‌ಗಳಲ್ಲಿ ಕಿಟಕಿ ಗಾಜು ಒಡೆದ, ರಸ್ತೆ ತಡೆದ ಘಟನೆಗಳು ನಡೆದವಾದರೂ ಸ್ಯಾನ್‌ಫರ್ಡ್ ಶಾಂತವಾಗಿತ್ತು. ಜುಲೈ 20ರಂದು ನೂರಕ್ಕೂ ಹೆಚ್ಚು ನಗರಗಳಲ್ಲಿ ಸಭೆಗಳು ನಡೆದವು. ಡ್ರೀಮ್ ಡಿಫೆಂಡರ್ಸ್ ಎಂಬ ಯುವಜನರ ಗುಂಪು ಟಾಲಹಾಸಿಯಲ್ಲಿ ರಾಜ್ಯದ ಶಾಸನಭವನದೊಳಗೇ ಒಂದು ತಿಂಗಳು ಧರಣಿ ಕೂತಿತು. ಕಾಯ್ದೆ ರದ್ದಾಗುವವರೆಗೆ ಫ್ಲೋರಿಡಾದಲ್ಲಿ ಹಾಡುವುದಿಲ್ಲ ಎಂದು ಗಾಯಕ ಸ್ಟೀವಿ ವಂಡರ್ ಘೋಷಿಸಿದರು. ಇಂಥ ಕಾನೂನುಗಳು ತಡೆಯಬಹುದಾದ ಹಿಂಸೆಗೆ ಎಡೆಮಾಡುತ್ತವೆ ಎಂಬ ಅರ್ಥದಲ್ಲಿ ದೇಶದ ಅಟಾರ್ನಿ ಜನರಲ್ ಎರಿಕ್ ಹೋಲ್ಡರ್ ಒರ್ಲಾಂಡೊದ ಸಭೆಯಲ್ಲಿ ಮಾತನಾಡಿದರು. ಕ್ಯಾಲಿಫೋರ್ನಿಯಾದ ಅಲೀಸಿಯಾ ಗಾರ್ಜಾ ತೀರ್ಪು ಬಂದ ದಿನ ಫೇಸ್‌ಬುಕ್‌ನಲ್ಲಿ ಬರೆದ ಸಾಲುಗಳಿಂದ ಪ್ಯಾಟ್ರಿಸ್ ಕಲರ್ಸ್ ಒಂದು ಘೋಷವಾಕ್ಯ ಹೆಕ್ಕಿದರು, ಓಪಲ್ ಟೊಮೆಟಿ ಜೊತೆಗೂಡಿದರು. ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಹುಟ್ಟಿದ್ದು ಹಾಗೆ.

ಜುಲೈ 19ರಂದು ಒಬಾಮ ಆಡಿದ ಮಾತಿನಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಮಾಡುವ ಪ್ರಯತ್ನವಿತ್ತು. ವಿಚಾರಣೆ ಕ್ರಮಬದ್ಧವಾಗಿ ನಡೆದಿದೆ, ಜ್ಯೂರಿ ತೀರ್ಮಾನಿಸಿದೆ ಎಂದು ಮೊದಲು ಒಪ್ಪಿಕೊಂಡರು. 35 ವರ್ಷ ಹಿಂದೆ ಟ್ರೇವಾನ್‌ನ ಜಾಗದಲ್ಲಿ ತಾನೂ ಇರಬಹುದಿತ್ತು ಎಂದು ಆಮೇಲೆ ಹೇಳಿದರು. ಅಂಗಡಿಯಲ್ಲಿ ಹಿಂದೆ ಹಿಂದೆ ಬರುವ ಕಾವಲುಗಾರ, ಕಪ್ಪು ಗಂಡಸು ಲಿಫ್ಟ್ ಹತ್ತಿದರೆ ಪರ್ಸು ಬಿಗಿಹಿಡಿಯುವ ಹೆಂಗಸು, ಇವು ತೀರ್ಪನ್ನು ಕಪ್ಪುವರ್ಣೀಯರು ನೋಡುವ ಕಣ್ಣನ್ನು ರೂಪಿಸಿವೆ ಎಂದರು. ಟ್ರೇವಾನ್ ವಯಸ್ಕನಾಗಿ ಬಂದೂಕು ಹಿಡಿದಿದ್ದರೆ ಅವನಿಗೂ ಆ ಕಾಲುದಾರಿಯಲ್ಲಿ ನಿಂತಲ್ಲೇ ನಿಲ್ಲುವ ಹಕ್ಕು ಇರುತ್ತಿತ್ತೇ ಎಂದು ಅವರು ಕೇಳಿದ ಪ್ರಶ್ನೆಗೆ ಎದುರಾಳಿಗಳು ನೇರ ಉತ್ತರ ಕೊಟ್ಟದ್ದು ಕಡಿಮೆ. ಅಧ್ಯಕ್ಷರೇ ಒಡಕು ಹೆಚ್ಚಿಸುತ್ತಿದ್ದಾರೆ ಎಂಬ ದೂರು ಮಾತ್ರ ಧಾರಾಳವಾಗಿ ಬಂತು.

ಆ ಪ್ರಶ್ನೆಯ ಹಿಂದೆ ಅಂಕಿಅಂಶದ ಬಲವೂ ಇತ್ತು. ಅರ್ಬನ್ ಇನ್‌ಸ್ಟಿಟ್ಯೂಟ್ 2013ರಲ್ಲಿ ಎಫ್‌ಬಿಐ ದಾಖಲೆಗಳನ್ನು ಪರಿಶೀಲಿಸಿದಾಗ, ಬಿಳಿಯ ಕಪ್ಪುವರ್ಣೀಯನನ್ನು ಕೊಂದ ಪ್ರಕರಣಗಳಲ್ಲಿ ಶೇ 11ರಷ್ಟು ಸಮರ್ಥನೀಯ ಹತ್ಯೆ ಎಂದು ದಾಖಲಾಗಿದ್ದವು. ಕಪ್ಪುವರ್ಣೀಯ ಬಿಳಿಯನನ್ನು ಕೊಂದಾಗ ಆ ಪ್ರಮಾಣ ಶೇ 1ರ ಆಸುಪಾಸಿನಲ್ಲಿತ್ತು. ಫ್ಲೋರಿಡಾದ್ದೇ ಪತ್ರಿಕೆ ಟ್ಯಾಂಪಾ ಬೇ ಟೈಮ್ಸ್ 2012ರಲ್ಲಿ ಈ ಕಾಯ್ದೆಯ ಸುಮಾರು 200 ಪ್ರಕರಣಗಳನ್ನು ಜಾಲಾಡಿತ್ತು. ಸತ್ತವನು ಕಪ್ಪುವರ್ಣೀಯನಾಗಿದ್ದಾಗ ಕೊಂದವರಲ್ಲಿ ಶೇ 73 ಮಂದಿಗೆ ಯಾವ ಶಿಕ್ಷೆಯೂ ಆಗಿರಲಿಲ್ಲ, ಸತ್ತವನು ಬಿಳಿಯನಾಗಿದ್ದಾಗ ಶೇ 59. ಪ್ರತಿ ಪ್ರಕರಣದ ಸಂದರ್ಭ ಬೇರೆ ಎಂಬ ಆಕ್ಷೇಪ ಈ ಲೆಕ್ಕಗಳಿಗೆ ಸಲ್ಲುತ್ತದೆ. ಆದರೂ ಒಂದೇ ಜ್ಯೂರಿಯನ್ನು ದೂರುವುದಕ್ಕಿಂತ ಈ ಲೆಕ್ಕಗಳ ಕಡೆ ಬೆರಳು ತೋರಿಸಿದವರ ವಾದ ಹೆಚ್ಚು ಗಟ್ಟಿಯಾಗಿತ್ತು.

ತೀರ್ಪಿನಿಂದ ನೆಮ್ಮದಿ ಪಟ್ಟವರೆಲ್ಲ ವರ್ಣದ್ವೇಷಿಗಳು ಎಂದು ತಳ್ಳಿಹಾಕುವುದೂ ಸುಲಭದ ದಾರಿ. ಪೊಲೀಸರು ಬೇಡವೆಂದ ಮೊಕದ್ದಮೆಯನ್ನು ರಾಜಕೀಯ ಒತ್ತಡ ಹುಟ್ಟುಹಾಕಿತು ಎಂಬ ಅವರ ಅನುಮಾನಕ್ಕೆ ಮಾಧ್ಯಮಗಳೂ ಇಂಬುಕೊಟ್ಟಿದ್ದವು. ಎನ್‌ಬಿಸಿ ವಾಹಿನಿ ಫೋನ್ ಕರೆಯ ಧ್ವನಿಮುದ್ರಣವನ್ನು ಕತ್ತರಿಸಿ, ಪೊಲೀಸರು ಕೇಳಿದ್ದಕ್ಕೆ ಉತ್ತರವಾಗಿ ಬಂದಿದ್ದ ವರ್ಣದ ಪ್ರಸ್ತಾಪ ಜಿಮ್ಮರ್‌ಮನ್ ತಾನಾಗಿ ಆಡಿದ್ದೆಂದು ಕೇಳಿಸುವಂತೆ ಪ್ರಸಾರ ಮಾಡಿ, ಆಮೇಲೆ ಕ್ಷಮೆ ಕೇಳಿತ್ತು.

ತೀರ್ಪಿನ ವಿರುದ್ಧ ಹೋಗಲು ದಾರಿಯೇ ಇಲ್ಲದಿರುವುದು ಕೋಪವನ್ನು ಹೆಚ್ಚಿಸಿತು. ಅಮೆರಿಕದ ಸಂವಿಧಾನದ ಐದನೇ ತಿದ್ದುಪಡಿಯ ಪ್ರಕಾರ ಜ್ಯೂರಿ ಖುಲಾಸೆ ಮಾಡಿದವನ ಮೇಲೆ ಸರ್ಕಾರ ಮೇಲ್ಮನವಿ ಹೋಗುವಂತಿಲ್ಲ. ಭಾರತದಲ್ಲಿ ಖುಲಾಸೆಯ ವಿರುದ್ಧ ಮೇಲ್ಮನವಿ ಮಾಮೂಲು, ಜ್ಯೂರಿ ಇದ್ದ ಕಾಲದಲ್ಲೂ ಅದರ ತೀರ್ಪಿಗೆ ತಡೆಯೊಂದಿತ್ತು. 1959ರಲ್ಲಿ ನೌಕಾಪಡೆಯ ಕಮಾಂಡರ್ ಕೆ. ಎಂ. ನಾನಾವತಿ ಅವರನ್ನು ಮುಂಬಯಿಯ ಜ್ಯೂರಿ ಕೊಲೆ ಆರೋಪದಲ್ಲಿ 8–1ರಿಂದ ನಿರ್ದೋಷಿ ಎಂದಾಗ ಹೊರಗಿನ ಜನಸಂದಣಿ ಹರ್ಷಿಸಿತು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಶಿಕ್ಷೆಯಾಯಿತು, 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ಪ್ರಕರಣದಿಂದ ಭಾರತದಲ್ಲಿ ಜ್ಯೂರಿ ಪದ್ಧತಿ ಕೊನೆಗೊಂಡಿತು ಎಂಬ ಮಾತು ಅರೆಸತ್ಯ, ಏಕೆಂದರೆ ರದ್ದತಿಯ ಶಿಫಾರಸನ್ನು ಕಾನೂನು ಆಯೋಗ 1958ರಲ್ಲೇ ಮಾಡಿತ್ತು. ಅಮೆರಿಕದಲ್ಲಿ ಉಳಿದಿದ್ದ ಒಂದೇ ಬಾಗಿಲು ಒಕ್ಕೂಟ ಸರ್ಕಾರದ ನಾಗರಿಕ ಹಕ್ಕುಗಳ ಮೊಕದ್ದಮೆ. ವರ್ಣದ್ವೇಷದಿಂದಲೇ ಕೊಂದನೆಂದು ತೋರಿಸುವಷ್ಟು ಸಾಕ್ಷ್ಯವಿಲ್ಲ ಎಂದು ನ್ಯಾಯ ಇಲಾಖೆ 2015ರ ಫೆಬ್ರುವರಿಯಲ್ಲಿ ಅದನ್ನೂ ಮುಚ್ಚಿತು.

ಮುಂದಿನ ಪ್ರಕರಣಗಳಿಗೂ ಸ್ಯಾನ್‌ಫರ್ಡ್ ಒಂದು ಅಳತೆಗೋಲಾಯಿತು. 2021ರ ನವೆಂಬರ್ 19ರಂದು ವಿಸ್ಕಾನ್ಸಿನ್‌ನ ಕೆನೋಶಾದಲ್ಲಿ, ಪ್ರತಿಭಟನೆಯ ನಡುವೆ ಇಬ್ಬರನ್ನು ಕೊಂದಿದ್ದ ಕೈಲ್ ರಿಟನ್‌ಹೌಸ್ ಆತ್ಮರಕ್ಷಣೆಯ ವಾದದ ಮೇಲೆ ಖುಲಾಸೆಯಾದ. ದೇಶ ಮತ್ತೆ ಅದೇ ಗೆರೆಯಲ್ಲಿ ಒಡೆಯಿತು. ಐದೇ ದಿನದಲ್ಲಿ ಜಾರ್ಜಿಯಾದ ಜ್ಯೂರಿ, ಓಡುತ್ತಿದ್ದ ಕಪ್ಪುವರ್ಣೀಯ ಅಹ್ಮದ್ ಆರ್ಬೆರಿಯನ್ನು ವಾಹನಗಳಲ್ಲಿ ಅಟ್ಟಿ ಕೊಂದ ಪ್ರಕರಣದ ಮೂವರು ಬಿಳಿಯರನ್ನು ಅಪರಾಧಿಗಳೆಂದಿತು. ಅಲ್ಲಿಯೂ ಆತ್ಮರಕ್ಷಣೆಯ ವಾದವಿತ್ತು, ಜ್ಯೂರಿಯ ಹನ್ನೆರಡು ಜನರಲ್ಲಿ ಹನ್ನೊಂದು ಮಂದಿ ಬಿಳಿಯರೇ. ವ್ಯತ್ಯಾಸ ತಂದದ್ದು ಕೊಂದವರಲ್ಲೊಬ್ಬನೇ ಮಾಡಿದ್ದ ವಿಡಿಯೊ. ಅಟ್ಟಿಸಿಕೊಂಡು ಹೋದವರು ಯಾರು ಎಂಬುದು ಅದರಲ್ಲಿ ಕಣ್ಣಿಗೆ ಕಾಣುತ್ತಿತ್ತು. ಆ ರಾಜ್ಯ ಅಷ್ಟರಲ್ಲಿ ನಾಗರಿಕರೇ ಬಂಧಿಸಲು ಅವಕಾಶ ಕೊಡುತ್ತಿದ್ದ ತನ್ನ ಹಳೆಯ ಕಾನೂನನ್ನು ರದ್ದು ಮಾಡಿತ್ತು.

ಫ್ಲೋರಿಡಾ ಹಾಗೆ ಮಾಡಲಿಲ್ಲ. 2013ರ ನವೆಂಬರ್‌ನಲ್ಲಿ ರದ್ದತಿಯ ಮಸೂದೆಯನ್ನು ಅಲ್ಲಿನ ಶಾಸನಸಭೆಯ ಸಮಿತಿ ಭಾರೀ ಬಹುಮತದಿಂದ ತಿರಸ್ಕರಿಸಿತು. ಅಲ್ಲಿಯವರೆಗೆ ವಿಚಾರಣೆಗೆ ಮೊದಲಿನ ವಿನಾಯಿತಿ ಬೇಕೆಂದರೆ ತನ್ನದು ಆತ್ಮರಕ್ಷಣೆ ಎಂದು ಆರೋಪಿಯೇ ತೋರಿಸಬೇಕಿತ್ತು. 2017ರ ತಿದ್ದುಪಡಿ ಆ ಹೊಣೆಯನ್ನೂ ಪ್ರಾಸಿಕ್ಯೂಷನ್ ಮೇಲೆ ಹೊರಿಸಿ, 2005ರ ಕಾಯ್ದೆಯನ್ನು ಆರೋಪಿಯ ಪರವಾಗಿ ಮತ್ತಷ್ಟು ಬಲಪಡಿಸಿತು.